ಸ್ಟೀಲಿಗೂ ಅಕೌಸ್ಟಿಕ್ಕಿಗೂ ಒಂದೇ ಆಂಪ್

ಬದಿಯಡ್ಕದಲ್ಲಿ ಗಿಟಾರ್ ನುಡಿಸುವವರಿಗೂ ಮೈಕ್ ಸೆಟ್ಟಿನವರಿಗೂ ಒಟ್ಟಿಗೆ ಕೊಟ್ಟ ಉಪನ್ಯಾಸದ ಬರಹ ರೂಪ. ಸಭೆಯಿಂದ ಬಂದ ಪ್ರಶ್ನೆಗಳನ್ನು ಬಂದಲ್ಲೇ ಇಟ್ಟಿದೆ.

ಪೆಡಲ್ ಸ್ಟೀಲ್ (ಅಡ್ಡಕ್ಕೆ ಇಟ್ಟು, ತಂತಿಯ ಮೇಲೆ ಕಬ್ಬಿಣದ ತುಂಡು ಜಾರಿಸಿ, ಕಾಲಿನ ಪೆಡಲಿನಿಂದ ಶ್ರುತಿ ಬದಲಿಸಿ ನುಡಿಸುವ ಗಿಟಾರ್), ಅಕೌಸ್ಟಿಕ್ ಗಿಟಾರ್ ಎರಡನ್ನೂ ನುಡಿಸುವವರಿಗೆ ಎರಡು ಆಂಪ್, ಅಂದರೆ ಸ್ಪೀಕರ್ ಸಮೇತದ ಆಂಪ್ಲಿಫೈಯರ್, ಬೇಕೇ ಎನ್ನುವುದು ಪ್ರಶ್ನೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ ನೋಡುವ. ಪೆಡಲ್ ಸ್ಟೀಲಿಗೂ ಅಕೌಸ್ಟಿಕ್ ಗಿಟಾರಿಗೂ ಒಂದೇ ಆಂಪ್ ಸಾಕು. ಆದರೆ ಅದು ಎಲೆಕ್ಟ್ರಿಕ್ ಗಿಟಾರಿನ ಆಂಪ್ ಆಗಿರಬಾರದು. 10 ಅಥವಾ 12 ಇಂಚಿನ ಸ್ಪೀಕರಿನ ಜೊತೆಗೆ ಟ್ವೀಟರ್ (ಟ್ರೆಬಲಿಗೆಂದೇ ಇರುವ ಸಣ್ಣ ಸ್ಪೀಕರ್) ಇರಬೇಕು, ಎರಡು ಬೇರೆ ಬೇರೆ ಚಾನೆಲ್ ಇರಬೇಕು, ನಿಜವಾದ 100 ವಾಟಿಗೆ ಕಡಿಮೆ ಇರಬಾರದು. ಸ್ಟೀಲಿಗೆ ಬೇಡದ ಟ್ರೆಬಲನ್ನು ಅಂಥ ಆಂಪಿನಲ್ಲಿ ಇಳಿಸಿಕೊಳ್ಳಬಹುದು. ಅಕೌಸ್ಟಿಕ್ಕಿಗೆ ಬೇಕಾದ ಟ್ರೆಬಲ್ ಸ್ಟೀಲಿನ ಆಂಪಿನಲ್ಲಿ ಹುಟ್ಟುವುದೇ ಇಲ್ಲ, ಯಾವ ನಾಬ್ ತಿರುಗಿಸಿದರೂ. ಇದ್ದದ್ದನ್ನು ಇಳಿಸಬಹುದು, ಇಲ್ಲದ್ದನ್ನು ಏರಿಸುವುದು ಹೇಗೆ?

ನಮ್ಮ ಕಡೆ ಹತ್ತು ತಂತಿಯ ಪೆಡಲ್ ಸ್ಟೀಲ್ ಕಡಿಮೆ. ಮಡಿಲಲ್ಲಿಟ್ಟು ನುಡಿಸುವ ಲ್ಯಾಪ್ ಸ್ಟೀಲ್, ಅಂದರೆ ನಾವು ಹವಾಯಿಯನ್ ಗಿಟಾರ್ ಎನ್ನುವ ಎಲೆಕ್ಟ್ರಿಕ್ ವಾದ್ಯವೇ ಹೆಚ್ಚು. ಆಂಪಿನ ವಿಷಯದಲ್ಲಿ ಇವೆರಡಕ್ಕೂ ಒಂದೇ ಲೆಕ್ಕ: ಎರಡರಲ್ಲೂ ತಂತಿಯ ಅದುರಿಕೆಯನ್ನು ವಿದ್ಯುತ್ತಾಗಿ ಹಿಡಿಯುವುದು ಅಯಸ್ಕಾಂತದ ಪಿಕಪ್. ಆದರೆ ಮೋಹನ ವೀಣೆಯ ಜಾತಿಯವು, ಚಿತ್ರವೀಣೆಯಂಥವು ತಂತಿಯ ಮೇಲೆ ಜಾರಿಸಿ ನುಡಿಸುವ ವಾದ್ಯಗಳೇ ಆದರೂ ಸ್ಟೀಲಿನ ಚಾನೆಲಿಗೆ ಸೇರುವುದಿಲ್ಲ. ಅವುಗಳಿಗೆ ಮರದ ಒಡಲು ಉಂಟು, ಅದಕ್ಕೆ ಅಂಟಿಸುವುದು ಪೀಜೋ (ಒಡಲಿನ ಅದುರಿಕೆಯನ್ನು ಹಿಡಿಯುವ ಪಿಕಪ್) ಅಥವಾ ಸಣ್ಣ ಮೈಕ್. ಅವು ಅಕೌಸ್ಟಿಕ್ ಚಾನೆಲಿನವು. ವಾದ್ಯ ಹಿಡಿಯುವ ಕ್ರಮ ನೋಡಿ ಚಾನೆಲ್ ಆರಿಸಬೇಡಿ, ಪಿಕಪ್ ನೋಡಿ ಆರಿಸಿ.

ಪೆಡಲ್ ಸ್ಟೀಲಿನ ತಂತಿಗಳನ್ನು ಹೊಂದಿಸುವ ಸಾಮಾನ್ಯ ಕ್ರಮಗಳು ಇ9, ಸಿ6. ಇ9 ಶ್ರುತಿಯಲ್ಲಿ ಅತ್ಯಂತ ಕೆಳಗಿನ ತಂತಿ ಸುಮಾರು 123 ಹರ್ಟ್ಸ್. ಸಿ6 ಶ್ರುತಿಯಲ್ಲಿ ಅದು 65 ಹರ್ಟ್ಸಿಗೆ ಇಳಿಯುತ್ತದೆ. ಅಕೌಸ್ಟಿಕ್ಕಿನ ದಪ್ಪ ತಂತಿ 82 ಹರ್ಟ್ಸ್. ಕೆಳಗಿನ ತುದಿಯಲ್ಲಿ ದೊಡ್ಡ ಜಗಳವಿಲ್ಲ, ಜಗಳ ಇರುವುದು ಮೇಲೆ. ಅಕೌಸ್ಟಿಕ್ಕಿನ ಜೀವ ಇರುವುದು ಉಗುರು ತಂತಿಗೆ ತಾಗುವ ಸದ್ದಿನಲ್ಲಿ, ಅದು 10,000 ಹರ್ಟ್ಸ್ ದಾಟಿಯೂ ಹೋಗುತ್ತದೆ. ಎಲೆಕ್ಟ್ರಿಕ್ ಗಿಟಾರಿಗೆಂದು ಮಾಡಿದ 12 ಅಥವಾ 15 ಇಂಚಿನ ಸ್ಪೀಕರ್ 5,000 ಹರ್ಟ್ಸಿನ ಆಚೆ ಕಡಿದಾಗಿ ಇಳಿದುಬಿಡುತ್ತದೆ. ಸ್ಟೀಲಿಗೆ ಅದೇ ಒಳ್ಳೆಯದು. ಬೆರಳಿಗೆ ಹಾಕಿದ ಲೋಹದ ಪಿಕ್ಕಿನ ಟಕಟಕ, ತಂತಿಯ ಮೇಲೆ ಕಬ್ಬಿಣ ಜಾರುವಾಗಿನ ಕರಕರ ಎಲ್ಲ ಅಲ್ಲಿಯೇ ಅಡಗುತ್ತದೆ. ಅಕೌಸ್ಟಿಕ್ಕನ್ನು ಅದಕ್ಕೆ ಹಾಕಿದರೆ ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತದೆ.

ಇನ್ನೊಂದು ವ್ಯತ್ಯಾಸವೇ ಆಂಪಿನ ಗಾತ್ರವನ್ನು ತೀರ್ಮಾನಿಸುವುದು. ಸ್ಟೀಲ್ ನುಡಿಸುವವರು ಶಬ್ದ ಏರಿಸಿ ಇಳಿಸುವ ವಾಲ್ಯೂಮ್ ಪೆಡಲಿನಿಂದ ಕಾಲು ತೆಗೆಯುವುದಿಲ್ಲ. ತಂತಿ ಮೀಟುವಾಗ ಪೆಡಲನ್ನು ಅರ್ಧಕ್ಕೆ ಇಟ್ಟುಕೊಂಡು, ಸ್ವರ ಸೊರಗುತ್ತ ಬಂದ ಹಾಗೆ ಒತ್ತುತ್ತ ಹೋಗುತ್ತಾರೆ. ಸ್ವರ ಎಳೆದಷ್ಟು ಉದ್ದಕ್ಕೂ ಒಂದೇ ಮಟ್ಟದಲ್ಲಿ ನಿಲ್ಲುವುದು ಹಾಗೆ. ಅರ್ಧ ಪೆಡಲಿನಲ್ಲಿ ಮೀಟಿದಾಗ ಆಂಪ್ 10 ವಾಟ್ ಕೊಡುತ್ತಿದೆ ಎಂದಿಟ್ಟುಕೊಳ್ಳಿ. ಆವೇಶ ಬಂದು ಪೆಡಲ್ 10 ಡೆಸಿಬೆಲ್ ಮೇಲಿರುವಾಗಲೇ ಅಷ್ಟೇ ಗಟ್ಟಿಯಾಗಿ ಮೀಟಿದರೆ ಬೇಕಾಗುವುದು 20 ವಾಟ್ ಅಲ್ಲ, 100 ವಾಟ್. 3 ಡೆಸಿಬೆಲಿಗೆ ವಾಟ್ ಎರಡು ಪಟ್ಟು, 10 ಡೆಸಿಬೆಲಿಗೆ ಹತ್ತು ಪಟ್ಟು. ಅಷ್ಟು ಇಲ್ಲದಿದ್ದರೆ ಶಬ್ದ ಒಡೆಯುತ್ತದೆ.

ಎಲೆಕ್ಟ್ರಿಕ್ ಗಿಟಾರಿನವರಿಗೆ ಒಡೆದ ಶಬ್ದ ಚಂದವೇ ಇರಬಹುದು. ಸ್ಟೀಲಿಗೆ ಆಗುವುದಿಲ್ಲ, ಯಾಕೆಂದರೆ ಸ್ಟೀಲಿನಲ್ಲಿ ಒಂಟಿ ಸ್ವರ ಕಡಿಮೆ, ಎರಡು ಮೂರು ತಂತಿ ಒಟ್ಟಿಗೆ. ಇ9ರ ಮೂರನೆಯ ತಂತಿ 415 ಹರ್ಟ್ಸ್, ನಾಲ್ಕನೆಯದು 330. ಆಂಪ್ ಒಡೆದರೆ ಇವೆರಡರ ವ್ಯತ್ಯಾಸವಾದ 85 ಹರ್ಟ್ಸಿನ ಹತ್ತಿರ ಮೂರನೆಯದೊಂದು ಸ್ವರ ತಾನಾಗಿ ಹುಟ್ಟುತ್ತದೆ. ನುಡಿಸಿದ ಯಾವ ತಂತಿಗೂ ಸೇರದ ಸ್ವರ ಅದು. ಕಬ್ಬಿಣ ಜಾರಿಸಿದ ಹಾಗೆ ಅದೂ ಅಡಿಯಲ್ಲಿ ಗೊರಗೊರ ಎಂದು ತೆವಳುತ್ತದೆ. ಶ್ರುತಿ ಕೆಟ್ಟಿದೆ ಎಂದು ತಂತಿ ತಿರುಪುತ್ತ ಕೂತರೆ ಪ್ರಯೋಜನವಿಲ್ಲ. ಗೇನ್, ಅಂದರೆ ಒಳಬರುವ ಸಂಕೇತವನ್ನು ಏರಿಸುವ ನಾಬ್, ಇಳಿಸಬೇಕು.

ವಾಟಿನ ಬಗ್ಗೆ ಇನ್ನೊಂದು ಮಾತು. ಪೆಟ್ಟಿಗೆಯ ಮೇಲೆ ಪಿ.ಎಂ.ಪಿ.ಓ. ಎಂದು ಸಾವಿರಗಟ್ಟಲೆ ಬರೆದಿದ್ದರೆ ಅದನ್ನು ಓದಲೇಬೇಡಿ, ಆರ್.ಎಂ.ಎಸ್., ಅಂದರೆ ನಿರಂತರವಾಗಿ ಕೊಡುವ ವಾಟ್, ಎಷ್ಟು ಎಂದು ಕೇಳಿ. ಅದೂ ಅರ್ಧ ಸತ್ಯ ಮಾತ್ರ. ಉಳಿದರ್ಧ ಸ್ಪೀಕರಿನಲ್ಲಿದೆ. ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಒಳ್ಳೆಯ 12 ಇಂಚಿನ ಗಿಟಾರ್ ಸ್ಪೀಕರ್ ಸುಮಾರು 98 ಡೆಸಿಬೆಲ್ ಕೊಡುತ್ತದೆ. ಸಣ್ಣ ಅಕೌಸ್ಟಿಕ್ ಆಂಪಿನ ಆರೂವರೆ, ಎಂಟು ಇಂಚಿನ ಸ್ಪೀಕರ್ ಸಾಮಾನ್ಯವಾಗಿ 90ರ ಆಸುಪಾಸು. ಎರಡಕ್ಕೂ 60 ವಾಟ್ ಕೊಡಿ: ಒಂದು 116ಕ್ಕೆ ಮುಟ್ಟುತ್ತದೆ, ಇನ್ನೊಂದು 108ಕ್ಕೆ ನಿಲ್ಲುತ್ತದೆ. ಸಣ್ಣದು ದೊಡ್ಡದರ ಸಮಕ್ಕೆ ಬರಬೇಕಾದರೆ 400 ವಾಟಿನ ಹತ್ತಿರ ಬೇಕು, ಅಷ್ಟು ಕೊಟ್ಟರೆ ಆ ಸ್ಪೀಕರ್ ಉಳಿಯಲಿಕ್ಕಿಲ್ಲ. "60 ವಾಟ್ ಅಂದರೆ 60 ವಾಟ್ ಅಲ್ಲವಾ" ಎನ್ನುವವರಿಗೆ ಇದೇ ಉತ್ತರ. ಮಗ್ಗುಲಲ್ಲಿ ಡ್ರಮ್ಸೋ ಚೆಂಡೆಯೋ ಇದ್ದರೆ ಈ ಎಂಟು ಡೆಸಿಬೆಲ್ ಇಲ್ಲದೆ ಸ್ಟೀಲ್ ಕೇಳುವುದೇ ಇಲ್ಲ.

ಇನ್ನು ಇನ್‌ಪುಟ್. ಕೇಬಲ್ ಚುಚ್ಚುವ ಜಾಗದ ವಿದ್ಯುತ್ ರೋಧ ಎಷ್ಟು ಓಮ್ ಎನ್ನುವುದು ಇಲ್ಲಿನ ಪ್ರಶ್ನೆ. ಅಂಗಡಿಯಲ್ಲಿ ಯಾರೂ ಕೇಳದ, ಆದರೆ ಮನೆಗೆ ತಂದ ಮೇಲೆ ಅತಿ ಹೆಚ್ಚು ಕಾಡುವ ಸಂಗತಿ ಇದು. ಅಕೌಸ್ಟಿಕ್ಕಿನ ಸ್ಯಾಡಲ್ (ಒಡಲಿನ ಮೇಲೆ ತಂತಿ ಕೂರುವ ಪಟ್ಟಿ) ಅಡಿಯಲ್ಲಿ ಇರುವ ಪೀಜೋ ಪಟ್ಟಿಯ ಕೆಪಾಸಿಟೆನ್ಸ್ ತೀರಾ ಸಣ್ಣದು, 500 ಪಿಕೊಫ್ಯಾರಡ್ ಎಂದು ಹಿಡಿಯಿರಿ. ಅದನ್ನು 1 ಮೆಗಾ ಓಮಿನ ಇನ್‌ಪುಟ್ಟಿಗೆ ನೇರವಾಗಿ ಚುಚ್ಚಿದರೆ, ಕೇಬಲಿನ ಲೆಕ್ಕ ಬಿಟ್ಟು, ಸುಮಾರು 320 ಹರ್ಟ್ಸಿನಿಂದ ಕೆಳಗೆ ಶಬ್ದ ಸೋರುತ್ತ ಹೋಗುತ್ತದೆ. ದಪ್ಪ ತಂತಿಗಳು ಇದ್ದೂ ಇಲ್ಲದ ಹಾಗೆ. 10 ಮೆಗಾ ಓಮ್ ಇದ್ದರೆ ಆ ಗಡಿ 32 ಹರ್ಟ್ಸಿಗೆ ಇಳಿಯುತ್ತದೆ, ಪೂರ್ತಿ ಗಿಟಾರ್ ಸಿಗುತ್ತದೆ. ಗಿಟಾರಿನ ಮಗ್ಗುಲಲ್ಲೇ ನಾಬುಗಳ ಪಟ್ಟಿ, ಒಳಗೆ 9 ವೋಲ್ಟಿನ ಬ್ಯಾಟರಿ ಇದ್ದರೆ ಈ ತಲೆನೋವು ನಿಮಗಿಲ್ಲ. ಆ ಪ್ರೀಆಂಪ್ (ಸಂಕೇತವನ್ನು ಆಂಪಿಗೆ ಮುಂಚೆಯೇ ಬಲಪಡಿಸುವ ಸರ್ಕ್ಯೂಟ್) ಯಾವ ಇನ್‌ಪುಟ್ಟಿಗೂ ಹೊಂದಿಕೊಳ್ಳುತ್ತದೆ. ಬ್ಯಾಟರಿ ಇಲ್ಲದ ಪಿಕಪ್ ಆದರೆ ಪ್ರೀಆಂಪ್ ಪೆಡಲ್ ಒಂದು ಬೇಕೇ ಬೇಕು, ಅದರ ಖರ್ಚನ್ನು ಆಂಪಿನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ಸ್ಟೀಲಿನ ಪಿಕಪ್ಪಿನ ಕಷ್ಟ ಬೇರೆ. ತೆಳು ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ ಅದು, ಮೀಟರ್ ಹಿಡಿದರೆ 17 ರಿಂದ 20 ಕಿಲೋ ಓಮ್ ತೋರಿಸುವುದು ಸಾಮಾನ್ಯ. ಅದಕ್ಕೆ ಕಡಿಮೆಯೆಂದರೂ 500 ಕಿಲೋ ಓಮ್, 1 ಮೆಗಾ ಓಮ್ ಇದ್ದರೆ ಒಳ್ಳೆಯದು. ಮಿಕ್ಸರಿನ ಲೈನ್ ಇನ್‌ಪುಟ್ಟಿಗೆ ನೇರ ಕೊಟ್ಟರೆ ಮಂಕಾಗುತ್ತದೆ, ಮೈಕ್ ಇನ್‌ಪುಟ್ಟಿಗೆ ಕೊಟ್ಟರೆ ಸತ್ತೇಹೋಗುತ್ತದೆ.

ಮಧ್ಯೆ ಬರುವ ವಾಲ್ಯೂಮ್ ಪೆಡಲ್ ಕೂಡ ಲೆಕ್ಕಕ್ಕೆ ಬರಬೇಕು. ಅದರೊಳಗಿನ ಪಾಟ್ (ಕಾಲು ಒತ್ತಿದ ಹಾಗೆ ರೋಧ ಬದಲಾಗುವ ಭಾಗ) ಸಾಮಾನ್ಯವಾಗಿ 500 ಕಿಲೋ ಓಮಿನದು. ಶಬ್ದ ಅರ್ಧಕ್ಕಿಳಿದ ಜಾಗದಲ್ಲಿ ಅದು ಕೇಬಲಿಗೆ 125 ಕಿಲೋ ಓಮಿನ ಮೂಲದಂತೆ ಕಾಣುತ್ತದೆ. ಪೆಡಲಿನಿಂದ ಆಂಪಿಗೆ 6 ಮೀಟರ್ ಕೇಬಲ್ ಎಳೆದಿದ್ದೀರಿ ಎಂದುಕೊಳ್ಳಿ. ಮೀಟರಿಗೆ 100 ಪಿಕೊಫ್ಯಾರಡ್ ಹಿಡಿದರೆ ಒಟ್ಟು 600. ಇವೆರಡೂ ಸೇರಿ 2,100 ಹರ್ಟ್ಸಿನಿಂದಲೇ ಟ್ರೆಬಲನ್ನು ತಿನ್ನಲು ಶುರುಮಾಡುತ್ತವೆ. ಪೆಡಲ್ ಪೂರ್ತಿ ಒತ್ತಿದಾಗ ಬೆಳ್ಳಗಿದ್ದ ಸ್ವರ ಅರ್ಧಕ್ಕೆ ಬಂದಾಗ ಮಂಕಾಗುವುದು ಇದರಿಂದ. ಹೊಸ ಆಂಪ್ ತಂದು ಟ್ರೆಬಲ್ ಏರಿಸಿದರೆ ಇದು ಸರಿಹೋಗುವುದಿಲ್ಲ. ಪೆಡಲ್ ದಾಟಿದ ಮೇಲಿನ ಕೇಬಲನ್ನು 3 ಮೀಟರಿಗೆ ಇಳಿಸಿ, ಇಲ್ಲವೇ ಪೆಡಲಿನ ಬುಡದಲ್ಲೇ ಒಂದು ಬಫರ್ (ಉದ್ದ ಕೇಬಲಿಗೆ ಸಂಕೇತ ಸೊರಗದಂತೆ ಕಾಯುವ ಸಣ್ಣ ಸರ್ಕ್ಯೂಟ್) ಇಡಿ. ಹಾಗೆಯೇ ಬ್ಯಾಟರಿ ಇಲ್ಲದ ಪೀಜೋ ಗಿಟಾರನ್ನು ಈ ಪೆಡಲಿನ ಮೂಲಕ ಹಾಯಿಸಲೇಬೇಡಿ. 500 ಕಿಲೋ ಓಮಿನ ಪಾಟಿಗೆ ಸಿಕ್ಕಿದರೆ ಬಾಸ್ ಎಲ್ಲ ಅಲ್ಲಿಯೇ ಮುಗಿಯುತ್ತದೆ.

ಈಗ ಮಾರುಕಟ್ಟೆಯಲ್ಲಿ ಯಾವುದು ಎಲ್ಲಿ ನಿಲ್ಲುತ್ತದೆ ನೋಡುವ. ಅಮೆರಿಕದ ಸ್ಟೀಲ್ ವಾದಕರ ಹಳೆಯ ಆಯ್ಕೆ ಫೆಂಡರ್ ಟ್ವಿನ್ ರಿವರ್ಬ್: ವಾಲ್ವಿನ ಆಂಪ್, 85 ವಾಟ್, 12 ಇಂಚಿನ ಎರಡು ಸ್ಪೀಕರ್, ತೂಕ 29 ಕಿಲೋ. ಕುಂಬಳೆಯಿಂದ ಮುಳ್ಳೇರಿಯಕ್ಕೆ ಬಸ್ಸಿನಲ್ಲಿ ಹೋಗುವವರು ಅದನ್ನು ಮರೆಯಬಹುದು. ಪೀವಿಯ ನ್ಯಾಶ್‌ವಿಲ್ 400 ಸ್ಟೀಲಿಗೆಂದೇ ಹುಟ್ಟಿದ್ದು, 15 ಇಂಚಿನ ಒಂದೇ ಸ್ಪೀಕರ್. ಆಮೇಲೆ ಬಂದ ನ್ಯಾಶ್‌ವಿಲ್ 112ರಲ್ಲಿ 12 ಇಂಚಿನ ಸ್ಪೀಕರ್, 80 ವಾಟ್. ಫೆಂಡರ್ ಸ್ಟೀಲ್ ಕಿಂಗ್ 200 ವಾಟ್, 15 ಇಂಚು, ಈಗ ತಯಾರಿಲ್ಲ. ರೋಲ್ಯಾಂಡ್ ಜೆ.ಸಿ. 120 ನಮ್ಮ ದೇಶದಲ್ಲೂ ಪರಿಚಯದ್ದು. ಎಷ್ಟು ಏರಿಸಿದರೂ ಬೇಗ ಒಡೆಯುವುದಿಲ್ಲ, ಸ್ಟೀಲಿಗೆ ಒಪ್ಪುತ್ತದೆ. ಇವುಗಳಲ್ಲಿ ಯಾವುದಕ್ಕೂ ಟ್ವೀಟರ್ ಇಲ್ಲ.

ಇತ್ತ ಅಕೌಸ್ಟಿಕ್ ಆಂಪುಗಳ ಸಾಲಿನಲ್ಲಿ ಎ.ಇ.ಆರ್. ಕಾಂಪ್ಯಾಕ್ಟ್ 60 ಇದೆ. 60 ವಾಟ್, 8 ಇಂಚು, ಆರೂವರೆ ಕಿಲೋ. ಅಕೌಸ್ಟಿಕ್ಕಿಗೆ ಇದಕ್ಕಿಂತ ಸ್ವಚ್ಛ ಶಬ್ದ ಸಿಗುವುದು ಕಷ್ಟ. ಸ್ಟೀಲನ್ನು ಮನೆಯಲ್ಲಿ, ಸಣ್ಣ ಕೋಣೆಯಲ್ಲಿ ಹೊರುತ್ತದೆ. ಬ್ಯಾಂಡಿನಲ್ಲಿ ಸೋಲುತ್ತದೆ, ಮೊದಲು ಹೇಳಿದ ಎಂಟು ಡೆಸಿಬೆಲಿನ ಕಾರಣಕ್ಕೆ. ಫಿಶ್‌ಮನ್ ಲೌಡ್‌ಬಾಕ್ಸ್ ಆರ್ಟಿಸ್ಟ್ 120 ವಾಟ್, 8 ಇಂಚಿನ ಸ್ಪೀಕರ್ ಜೊತೆಗೆ ಟ್ವೀಟರ್, ಎರಡು ಚಾನೆಲ್. ಭಜನೆ, ಸಣ್ಣ ಸಭಾಂಗಣ, ಇಗರ್ಜಿಯ ಗಾಯನ ತಂಡ, ಇಷ್ಟಕ್ಕೆ ಎರಡೂ ವಾದ್ಯ ಇದರಲ್ಲಿ ನಡೆಯುತ್ತದೆ.

ಕೀಬೋರ್ಡ್ ಆಂಪನ್ನು ಯಾರೂ ಯೋಚಿಸುವುದಿಲ್ಲ, ಆದರೆ ಯೋಚಿಸಬೇಕು. ರೋಲ್ಯಾಂಡ್ ಕೆ.ಸಿ. 400 ಎನ್ನುವುದು 150 ವಾಟ್, 12 ಇಂಚಿನ ಸ್ಪೀಕರ್, ಮೇಲೆ ಟ್ವೀಟರ್, ಹಲವು ಚಾನೆಲ್. ನಾನು ಮೊದಲು ಹೇಳಿದ ಅಳತೆಗೆ ಸರಿಯಾಗಿ ಕೂರುತ್ತದೆ. ಒಂದೇ ತೊಡಕು: ಇನ್‌ಪುಟ್ಟುಗಳು ಲೈನ್ ಮಟ್ಟದವು. ಸ್ಟೀಲಿಗೂ ಬ್ಯಾಟರಿ ಇಲ್ಲದ ಅಕೌಸ್ಟಿಕ್ಕಿಗೂ ಮುಂದೆ ಒಂದೊಂದು ಪ್ರೀಆಂಪ್ ಪೆಡಲ್ ಬೇಕು.

ಕಾಸರಗೋಡಿನ ಮಟ್ಟಿಗೆ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೂ ಅಲ್ಲ. 12 ಇಂಚಿನ ಒಂದು ಪವರ್ಡ್ ಸ್ಪೀಕರ್ (ಆಂಪ್ ಒಳಗೇ ಇರುವ ಬಾಕ್ಸ್), ನಾಲ್ಕು ಚಾನೆಲಿನ ಸಣ್ಣ ಮಿಕ್ಸರ್, ಎರಡು ಪ್ರೀಆಂಪ್ ಪೆಡಲ್. ನೋಡಲಿಕ್ಕೆ ಗಿಟಾರಿನವರ ಸಾಮಾನಿನ ಹಾಗೆ ಕಾಣುವುದಿಲ್ಲ, ನಿಜ. ಆದರೆ ಕೆಟ್ಟರೆ ಬಿಡಿಭಾಗ ಸಿಗುತ್ತದೆ, ಪಕ್ಕದ ಊರಿನ ಮೈಕ್ ಸೆಟ್ಟಿನವರ ಹತ್ತಿರ ಬದಲಿ ಸಿಗುತ್ತದೆ, ಆಂಪಿಗೆ ತೊಂದರೆ ಬಂದರೂ ಪ್ರೀಆಂಪಿನಲ್ಲಿ ಮಾಡಿಟ್ಟ ನಿಮ್ಮ ಸ್ವರ ನಿಮ್ಮ ಚೀಲದಲ್ಲೇ ಇರುತ್ತದೆ. ಸ್ಟೀಲಿನ ಕಡೆಗೆ ಆರಿಸುವ ಪ್ರೀಆಂಪಿನಲ್ಲಿ ಕ್ಯಾಬಿನೆಟ್ ಸಿಮ್ಯುಲೇಶನ್ ಇರಲಿ. ಗಿಟಾರ್ ಸ್ಪೀಕರ್ 5,000 ಹರ್ಟ್ಸಿನ ಆಚೆ ಮಾಡುವ ಕತ್ತರಿ ಕೆಲಸವನ್ನು ಅದೇ ಮಾಡಿಕೊಡುತ್ತದೆ.

ಸ್ಟೀಲೇ ಮುಖ್ಯ, ಅಕೌಸ್ಟಿಕ್ ಇಡೀ ಸಂಜೆಯಲ್ಲಿ ಎರಡೇ ಹಾಡಿಗೆ ಎನ್ನುವವರು ನನ್ನ ಮಾತು ಕೇಳಬೇಡಿ. ಸ್ಟೀಲಿನ ಆಂಪನ್ನೇ ಕೊಳ್ಳಿ, ಅಕೌಸ್ಟಿಕ್ಕನ್ನು ಡಿ.ಐ. ಬಾಕ್ಸಿನ (ವಾದ್ಯದ ಸಂಕೇತವನ್ನು ಮಿಕ್ಸರಿಗೆ ಹೊಂದುವಂತೆ ಮಾಡುವ ಪೆಟ್ಟಿಗೆ) ಮೂಲಕ ಮೈಕ್ ಸೆಟ್ಟಿಗೆ ಕೊಟ್ಟುಬಿಡಿ.

ಇಲ್ಲಿ ಒಬ್ಬರ ಪ್ರಶ್ನೆ: "ಮಾಷ್ಟ್ರೇ, ಬಾಡಿಗೆಯ ಮೈಕ್ ಸೆಟ್ಟಿನ ಆಂಪಿಗೇ ಎರಡನ್ನೂ ಹಾಕಿದರೆ ಆಗುವುದಿಲ್ಲವಾ?" ಯಾವ ಆಂಪ್ ಅನ್ನುವುದರ ಮೇಲೆ ಉಂಟು ಅಣ್ಣಾ. ಹಾರ್ನ್ ಕಟ್ಟುವ 100 ವೋಲ್ಟ್ ಲೈನಿನ ಆಂಪ್ ಮಾತಿಗೆಂದು ಮಾಡಿದ್ದು. ಮೈಕ್ ಇನ್‌ಪುಟ್ ಕೆಲವೇ ಕಿಲೋ ಓಮಿನದು, ಮರದ ಮೇಲಿನ ಹಾರ್ನಿನಲ್ಲಿ ಬಾಸೂ ಇಲ್ಲ, ಮೇಲಿನ ಟ್ರೆಬಲೂ ಇಲ್ಲ. ಯಕ್ಷಗಾನದವರು ಮೈಕಾಸುರ ಎಂದು ತಮಾಷೆ ಮಾಡಿದ್ದು ಸುಮ್ಮನೆ ಅಲ್ಲ. ಬಾಕ್ಸ್ ಸ್ಪೀಕರ್, ಮಿಕ್ಸರ್ ಇರುವ ಸೆಟ್ ಆದರೆ ಧಾರಾಳ ಆಗುತ್ತದೆ. ಆಗ ನೀವು ಹೊರಬೇಕಾದ್ದು ಎರಡು ಪ್ರೀಆಂಪ್ ಮಾತ್ರ.

ಕೊಳ್ಳಲು ಹೋಗುವಾಗ ನಿಮ್ಮದೇ ಸ್ಟೀಲ್, ನಿಮ್ಮದೇ ಗಿಟಾರ್, ನಿಮ್ಮದೇ ವಾಲ್ಯೂಮ್ ಪೆಡಲ್, ನಿಮ್ಮದೇ ಕೇಬಲ್ ತೆಗೆದುಕೊಂಡು ಹೋಗಿ. ಅಂಗಡಿಯ ಗಿಟಾರಿನಲ್ಲಿ ನುಡಿಸಿ ನೋಡಿದರೆ ಗೊತ್ತಾಗುವುದು ಅಂಗಡಿಯ ಗಿಟಾರಿನ ಸ್ವರ. ಮೊದಲು ಏನೂ ಚುಚ್ಚದೆ ಮಾಸ್ಟರ್ ವಾಲ್ಯೂಮನ್ನು ಅರ್ಧಕ್ಕೆ ಇಟ್ಟು, ಕಿವಿಯನ್ನು ಒಂದು ಮೀಟರ್ ದೂರದಲ್ಲಿ ಹಿಡಿಯಿರಿ. ಟ್ವೀಟರಿನಿಂದ ಸ್ವಲ್ಪ ಸುಯ್ ಎನ್ನುವುದು ಸಹಜ, ಗುಂಯ್ ಎನ್ನುವುದು ಸಹಜವಲ್ಲ. ಆಮೇಲೆ ಎಲ್ಲ ಟೋನನ್ನೂ ನಡುವಿಗಿಟ್ಟು ಸ್ಟೀಲ್ ಚುಚ್ಚಿ. ಪೆಡಲನ್ನು ಪೂರ್ತಿ ಒತ್ತಿ, ದಪ್ಪ ತಂತಿಗಳನ್ನು ನೀವು ಯಾವತ್ತೂ ಮೀಟದಷ್ಟು ಜೋರಾಗಿ ಮೀಟಿ, ಕ್ಲಿಪ್ ದೀಪ (ಶಬ್ದ ಒಡೆಯುವುದನ್ನು ತೋರಿಸುವ ದೀಪ) ಆಗೊಮ್ಮೆ ಮಿನುಗುವಷ್ಟಕ್ಕೆ ಗೇನ್ ಏರಿಸಿ, ಅಲ್ಲಿಂದ ಒಂದು ಗೆರೆ ಇಳಿಸಿ. ಬಹಳಷ್ಟು ಜನ ಪೆಡಲ್ ಅರ್ಧದಲ್ಲಿರುವಾಗ ಗೇನ್ ಹೊಂದಿಸುತ್ತಾರೆ. ಅಂಗಡಿಯಲ್ಲಿ ಚಂದ ಕೇಳಿದ್ದು ವೇದಿಕೆಯಲ್ಲಿ ಒಡೆಯುವುದು ಅದರಿಂದಲೇ.

ಆಮೇಲೆ ಮೂರನೆಯ, ನಾಲ್ಕನೆಯ ತಂತಿಯನ್ನು ಜೊತೆಯಾಗಿ ಮೀಟಿ, ಕಬ್ಬಿಣವನ್ನು ಹನ್ನೆರಡನೆಯ ಮನೆಯಿಂದ ಕೆಳಕ್ಕೆ ಮೆಲ್ಲಗೆ ಜಾರಿಸಿ, ಸ್ವರ ಸಾಯುವವರೆಗೆ ಪೆಡಲ್ ಒತ್ತುತ್ತ ಹೋಗಿ. ಅಡಿಯಲ್ಲಿ ಮೂರನೆಯ ಸ್ವರ ತೆವಳುತ್ತದೆಯೇ ಕೇಳಿ. ತೆವಳಿದರೆ ಆ ಆಂಪ್ ಬಿಟ್ಟು ಮುಂದೆ ನಡೆಯಿರಿ. ಕೊನೆಗೆ ಅಕೌಸ್ಟಿಕ್ ಹಿಡಿದು, ಎರಡು ಮೀಟರ್ ದೂರದಲ್ಲಿ ನಿಂತು, ತಂತಿಗಳನ್ನು ಅಂಗೈಯಿಂದ ಮುಚ್ಚಿ ಮಾಸ್ಟರ್ ಏರಿಸುತ್ತ ಹೋಗಿ. ಫೀಡ್‌ಬ್ಯಾಕ್ ಆಗಿ ಎಲ್ಲಿ ಕೂಗಲು ಶುರುವಾಗುತ್ತದೆ, ಫೇಸ್ ಸ್ವಿಚ್ (ಸಂಕೇತವನ್ನು ತಿರುವುಮುರುವು ಮಾಡುವ ಸ್ವಿಚ್) ಒತ್ತಿದರೆ ಎಷ್ಟು ತಡೆಯುತ್ತದೆ, ನಾಚ್ ನಾಬ್ (ಕೂಗುವ ಒಂದೇ ಸ್ವರವನ್ನು ಕತ್ತರಿಸುವ ನಾಬ್) ತಿರುಗಿಸಿದರೆ ಎಷ್ಟು ತಡೆಯುತ್ತದೆ, ಈ ಮೂರನ್ನೂ ನೋಡಿಕೊಳ್ಳಿ. ಫೇಸ್ ಸ್ವಿಚ್ಚೂ ನಾಚೂ ಇಲ್ಲದ ಆಂಪನ್ನು ಅಕೌಸ್ಟಿಕ್ಕಿಗೆ ಕೊಳ್ಳಬಾರದು ಎಂದೇ ನನ್ನ ಅಭಿಪ್ರಾಯ.

ಎರಡು ಚಾನೆಲ್ ಬೇಕೆಂದು ಹಟ ಹಿಡಿಯುವುದು ಯಾಕೆಂದರೆ, ಎರಡರಲ್ಲಿ ಒಂದನ್ನು ಆರಿಸುವ ಎ-ಬಿ ಸ್ವಿಚ್ ಹಾಕಿ ಒಂದೇ ಚಾನೆಲಿಗೆ ಎರಡು ವಾದ್ಯ ಕೊಟ್ಟರೆ ಒಂದರ ಟೋನ್ ಇನ್ನೊಂದಕ್ಕೆ ವಿಷ. ಸ್ಟೀಲಿಗೆ 800 ಹರ್ಟ್ಸಿನ ಸುತ್ತ 3 ರಿಂದ 6 ಡೆಸಿಬೆಲ್ ಕಡಿತ ಮಾಡಿದರೆ ಮೂಗಿನಲ್ಲಿ ಹಾಡಿದಂಥ ಸ್ವರ ಹೋಗಿ ಸಿಹಿಯಾಗುತ್ತದೆ. ನ್ಯಾಶ್‌ವಿಲ್ ಆಂಪುಗಳಲ್ಲಿ ಮಿಡ್ಡಿನ ಜಾಗ ಸರಿಸಲೆಂದೇ ಒಂದು ನಾಬ್ ಕೊಟ್ಟದ್ದೂ, ಸ್ಟೀಲಿನವರು ಅದನ್ನು 800ರ ಹತ್ತಿರ ನಿಲ್ಲಿಸುವುದೂ ಇದಕ್ಕೇ. 5,000ದ ಮೇಲಿನದನ್ನು ಇಳಿಸಿ. ಟ್ವೀಟರಿಗೆ ಬೇರೆ ನಾಬ್ ಇದ್ದರೆ ಅದನ್ನು ಮುಟ್ಟಬೇಡಿ, ಅದು ಅಕೌಸ್ಟಿಕ್ಕಿನದ್ದು, ಕಡಿತವೆಲ್ಲ ಸ್ಟೀಲಿನ ಚಾನೆಲಿನಲ್ಲೇ ಆಗಲಿ. ಅಕೌಸ್ಟಿಕ್ಕಿಗೆ 80 ಹರ್ಟ್ಸಿನ ಕೆಳಗಿನದು ಬೇಡ. ಪೀಜೋ ಪಿಕಪ್ಪಿನ ಕ್ವಾಕ್ ಕ್ವಾಕ್ ಸ್ವರ 1,000 ದಿಂದ 2,500ರ ನಡುವೆ ಇರುತ್ತದೆ, ಅಲ್ಲಿ 3 ಡೆಸಿಬೆಲ್ ಇಳಿಸಿ. ಕೂಗುವುದು ಹೆಚ್ಚಾಗಿ 100 ಹರ್ಟ್ಸಿನ ಆಸುಪಾಸು, ಒಡಲಿನ ಗಾಳಿ ಅನುರಣಿಸುವ ಜಾಗ; ಅಥವಾ 200ರ ಹತ್ತಿರ, ಮೇಲಿನ ಹಲಗೆ ಅದುರುವ ಜಾಗ. ನಾಚನ್ನು ಅಲ್ಲಿ ಹುಡುಕಿ. ಗಿಟಾರಿನ ಕಂಡಿಗೆ ರಬ್ಬರಿನ ಮುಚ್ಚಳ ಹಾಕಿದರೆ ಮೊದಲನೆಯದು ಅರ್ಧಕ್ಕರ್ಧ ಹೋಗುತ್ತದೆ, ಅಗ್ಗದ ಉಪಾಯ.

ಸ್ಟೀಲ್ ನುಡಿಸುವಾಗ ಅಕೌಸ್ಟಿಕ್ಕನ್ನು ಸ್ಟ್ಯಾಂಡಿನಲ್ಲಿ ಇಟ್ಟಿರುತ್ತೀರಲ್ಲ, ಆಗ ಅದರ ಚಾನೆಲನ್ನು ಮ್ಯೂಟ್ ಮಾಡಲೇಬೇಕು. ಸ್ಟೀಲಿನ ಶಬ್ದಕ್ಕೆ ಅದರ ತಂತಿಗಳು ತಾವಾಗಿ ಮಿಡಿದು, ಯಾರೂ ಮುಟ್ಟದ ಗಿಟಾರ್ ಗುಂಯ್ಗುಡುತ್ತದೆ. ಸಾಲಿನಲ್ಲಿ ಒಂದು ಟ್ಯೂನರ್ ಪೆಡಲ್ ಇಟ್ಟರೆ ಶ್ರುತಿಯೂ ಆಯಿತು, ಮ್ಯೂಟೂ ಆಯಿತು. ಸ್ಟೀಲಿಗೆ ವಾಲ್ಯೂಮ್ ಪೆಡಲೇ ಮ್ಯೂಟ್.

ಆಂಪನ್ನು ಎಲ್ಲಿಡುವುದು? ಸ್ಟೀಲಿನವರು ಕೂತು ನುಡಿಸುವವರು. ಆಂಪ್ ನೆಲದ ಮೇಲಿದ್ದು ಬೆನ್ನಿಗೆ ತಾಗಿಕೊಂಡಿದ್ದರೆ ಟ್ರೆಬಲ್ ಎಲ್ಲ ಸೊಂಟದ ಹತ್ತಿರವೇ ಹಾದು ಮುಂದಿನ ಸಾಲಿನವರ ಕಿವಿಗೆ ಬಡಿಯುತ್ತದೆ. 12 ಇಂಚಿನ ಸ್ಪೀಕರ್ 2,000 ಹರ್ಟ್ಸಿನ ಮೇಲಿನ ಶಬ್ದವನ್ನು ಟಾರ್ಚಿನ ಬೆಳಕಿನ ಹಾಗೆ ನೇರಕ್ಕೇ ಬಿಡುತ್ತದೆ. ಕುರ್ಚಿಯ ಮೇಲಿಟ್ಟು, ಎರಡು ಮೀಟರ್ ಹಿಂದೆ, ತುಸು ಬದಿಗೆ, ಕಿವಿಯ ಕಡೆಗೆ ವಾಲಿಸಿ. ಅಕೌಸ್ಟಿಕ್ ಹಿಡಿದಾಗ ಅದೇ ಜಾಗದಲ್ಲಿ ನಿಂತರೆ ಗಿಟಾರಿನ ಬೆನ್ನಿಗೆ ಆಂಪ್ ಬರುತ್ತದೆ, ಕೂಗುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲಿ.

ಕರೆಂಟಿನ ವಿಷಯಕ್ಕೆ ಬರುವ. ಗಲ್ಫಿನಿಂದ ಬಂದ ಆಂಪ್ 220-240 ವೋಲ್ಟಿನದಾಗಿದ್ದರೆ ಇಲ್ಲಿ ಚಿಂತೆಯಿಲ್ಲ, ಪ್ಲಗ್ ಮಾತ್ರ ಚಪ್ಪಟೆ ಮೂರು ಪಿನ್ನಿನದು. ಅಡಾಪ್ಟರ್ ಹಾಕುವುದಕ್ಕಿಂತ ಅದನ್ನು ಕತ್ತರಿಸಿ ನಮ್ಮ 6 ಆಂಪಿಯರಿನ ಮೂರು ಪಿನ್ನಿನ ಟಾಪ್ ಹಾಕಿಸಿ. ಹೇಗೂ ಬೆನ್ನಿನ ಮೇಲಿನ ಬರಹ ಓದದೆ ಚುಚ್ಚಬೇಡಿ. ಅಮೆರಿಕದಿಂದ ತಂದದ್ದು 120 ವೋಲ್ಟಿನದು, ನೇರ ಚುಚ್ಚಿದರೆ ಹೊಗೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಬೆನ್ನಿನಲ್ಲಿ 400 ವಾಟ್ ಎಂದಿದ್ದರೆ 750 ವಿ.ಎ. ಕೊಳ್ಳಿ, ಅರ್ಥ್ ಪಿನ್ ಒಳಗಿಂದ ಹೊರಗೆ ಮುಟ್ಟುತ್ತದೆಯೇ ನೋಡಿ. 60 ಹರ್ಟ್ಸಿಗೆ ಮಾಡಿದ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸಿನಲ್ಲಿ ಹೆಚ್ಚು ಬಿಸಿಯಾಗುತ್ತದೆ, ಬೆನ್ನಿಗೆ ಗಾಳಿಯಾಡಲಿ.

ಹಮ್ ಬಂತೆಂದು ಅರ್ಥ್ ಪಿನ್ ಮುರಿಯುವವರು ಈಗಲೂ ಇದ್ದಾರೆ. ಹಮ್ ಹೋಗುತ್ತದೆ, ಜೊತೆಗೆ ರಕ್ಷಣೆಯೂ ಹೋಗುತ್ತದೆ. ಸ್ಟೀಲಿನ ತಂತಿಯೂ ಕೈಯಲ್ಲಿನ ಕಬ್ಬಿಣವೂ ಲೋಹ, ಎದುರಿಗೆ ಮೈಕ್. ತುಟಿ ತಾಗಿದಾಗ ಜುಂ ಎಂದರೆ ಅದು ಎಚ್ಚರಿಕೆ, ನುಡಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಜಾತ್ರೆಯ ಜನರೇಟರಿನ ಲೈನಿನಲ್ಲಿ ಅರ್ಥಿಂಗ್ ಉಂಟೋ ಇಲ್ಲವೋ ಎಂದು ಎಲೆಕ್ಟ್ರಿಶಿಯನ್ ಹತ್ತಿರ ಮೊದಲೇ ಕೇಳಿ. ಮನೆಯಲ್ಲಿ ಆಂಪ್ ಹಾಕಿದ ಕೂಡಲೇ ಇ.ಎಲ್.ಸಿ.ಬಿ. (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಬಿದ್ದರೆ ತಪ್ಪು ಅದರದ್ದಲ್ಲ, ಆಂಪಿನಲ್ಲಿ ಸೋರಿಕೆ ಉಂಟು. ಆಂಪಿನಿಂದ ಮೈಕ್ ಸೆಟ್ಟಿಗೆ ಡಿ.ಐ. ಕೊಟ್ಟ ಮೇಲೆ ಮಾತ್ರ ಹಮ್ ಬಂದರೆ ಅದು ಅರ್ಥ್ ಲೂಪ್, ಡಿ.ಐ.ಯ ಗ್ರೌಂಡ್ ಲಿಫ್ಟ್ ಒತ್ತಿದರೆ ಹೋಗುತ್ತದೆ. ಸ್ಟೀಲ್ ಚುಚ್ಚಿದಾಗ ಮಾತ್ರ ಬರುವ ಹಮ್ ಇವೆರಡೂ ಅಲ್ಲ: ಒಂಟಿ ಸುರುಳಿಯ ಪಿಕಪ್ ಸುತ್ತಲಿನ ಟ್ರಾನ್ಸ್‌ಫಾರ್ಮರು, ಚೋಕಿನ ಟ್ಯೂಬ್‌ಲೈಟು, ಸೀರಿಯಲ್ ಸೆಟ್ಟಿನ ಗಲಾಟೆಯನ್ನೆಲ್ಲ ಹಿಡಿಯುತ್ತದೆ. ವಾದ್ಯವನ್ನು ಕಾಲು ಸುತ್ತು ತಿರುಗಿಸಿ ಇಟ್ಟು ನೋಡಿ, ಬಹಳಷ್ಟು ಇಳಿಯುತ್ತದೆ.

ಮಳೆಗಾಲ ನಮ್ಮಲ್ಲಿ ಆಂಪಿನ ದೊಡ್ಡ ಶತ್ರು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಮಂಜೇಶ್ವರದಿಂದ ಬೇಕಲದವರೆಗೆ ಕಡಲ ಉಪ್ಪು ಗಾಳಿ ಬೇರೆ. ಸ್ಪೀಕರಿನ ಕಾಗದದ ಕೋನಿಗೆ ಬೂಸಲು ಹಿಡಿಯುತ್ತದೆ, ಜಾಕುಗಳ ಒಳಗೆ ಕಿಲುಬು. ಗೋಡೆಗೆ ತಾಗದ ಹಾಗೆ ಹಲಗೆಯ ಮೇಲೆ ಇಡಿ, ಪ್ಲಾಸ್ಟಿಕ್ ಬೇಡ, ಹತ್ತಿ ಬಟ್ಟೆ ಹೊದಿಸಿ, ವಾರಕ್ಕೊಮ್ಮೆ ಅರ್ಧ ಗಂಟೆ ಉರಿಸಿ. ನುಡಿಸದಿದ್ದರೂ ಆ ಬಿಸಿ ಸಾಕು.

ಕೊನೆಯ ಪ್ರಶ್ನೆ ಮೈಕ್ ಸೆಟ್ಟಿನ ಹುಡುಗನೊಬ್ಬನದು: "ಆಂಪ್ ಸರಿಯಾಗಿಯೇ ಇರುತ್ತದೆ, ನುಡಿಸುತ್ತಿದ್ದ ಹಾಗೆ ಶಬ್ದ ಒಮ್ಮೆಲೇ ಸಣ್ಣ ಆಗುತ್ತದೆ, ಜೋರಾಗಿ ಮೀಟಿದರೆ ತಿರುಗಿ ಬರುತ್ತದೆ. ಯಾಕೆ?" ಆಂಪಿನ ಬೆನ್ನಿನಲ್ಲಿ ಎಫೆಕ್ಟ್ಸ್ ಸೆಂಡ್, ರಿಟರ್ನ್ (ಹೊರಗಿನ ಎಫೆಕ್ಟ್ ಪೆಡಲಿಗೆ ಶಬ್ದ ಕಳಿಸಿ ವಾಪಸು ತರಲು) ಎಂದು ಎರಡು ಜಾಕ್ ಇದ್ದರೆ ಮೊದಲ ಅನುಮಾನ ಅಲ್ಲಿಗೆ. ರಿಟರ್ನ್ ಜಾಕಿನೊಳಗೆ ಒಂದು ಸಣ್ಣ ಸ್ವಿಚ್ ಉಂಟು. ಏನೂ ಚುಚ್ಚದಿದ್ದಾಗ ಪ್ರೀಆಂಪಿನ ಶಬ್ದ ಅದರ ಮೂಲಕವೇ ಪವರ್ ಆಂಪಿಗೆ ಹೋಗಬೇಕು. ಬಳಸದೆ ಬಿಟ್ಟು ಕಿಲುಬು ಹಿಡಿದರೆ ಅಲ್ಲಿ ಸಂಪರ್ಕ ತಪ್ಪುತ್ತದೆ. ಒಂದು ಗಿಡ್ಡ ಗಿಟಾರ್ ಕೇಬಲನ್ನು ಸೆಂಡಿನಿಂದ ರಿಟರ್ನಿಗೆ ಚುಚ್ಚಿ ನೋಡಿ. ಶಬ್ದ ಸಣ್ಣ ಆಗದೆ ಒಂದೇ ಮಟ್ಟದಲ್ಲಿ ಉಳಿದರೆ ರೋಗ ಅದೇ. ಆ ಸಂಜೆಯ ಕಾರ್ಯಕ್ರಮವನ್ನು ಆ ಕೇಬಲಿನಲ್ಲೇ ಮುಗಿಸಬಹುದು. ಮರುದಿನ ಕರೆಂಟಿನ ಪ್ಲಗ್ ಕಿತ್ತು, ಗಿಟಾರ್ ಕೇಬಲಿನ ಪ್ಲಗ್ಗಿನ ತುದಿಗೆ ಕಾಂಟ್ಯಾಕ್ಟ್ ಕ್ಲೀನರ್ ಹಚ್ಚಿ ರಿಟರ್ನ್ ಜಾಕಿಗೆ ಇಪ್ಪತ್ತು ಸಲ ಹಾಕಿ ತೆಗೆಯಿರಿ. ಆಮೇಲೂ ಹಾಗೆಯೇ ಆದರೆ ಜಾಕ್ ಬದಲಿಸಬೇಕು. ಬೆಸುಗೆ ಹಾಕಲು ಬರುವವರಿಗೆ ಅರ್ಧ ಗಂಟೆಯ ಕೆಲಸ. ವಾಲ್ವಿನ ಆಂಪಾದರೆ ಮಾತ್ರ ನೀವೇ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ 400 ವೋಲ್ಟಿನ ಮೇಲೆ ಉಳಿದಿರಬಹುದು.